ದುಬೈಗೆ ಮನೆ ಬದಲಾಯಿಸ್ತಿದ್ದೀರಾ? ಆಗಸ್ಟ್ ತಿಂಗಳನ್ನ ನೋಡ್ಕೊಂಡು ಪ್ಲಾನ್ ಮಾಡಿ

ದುಬೈಯಲ್ಲಿ ಕೆಲಸ ಸಿಕ್ತು ಅಂದ್ರೆ ಊರಲ್ಲಿ ಎಲ್ಲರೂ ಮೊದಲು ಕೇಳೋದು ಸಂಬಳ ಎಷ್ಟು, ಟ್ಯಾಕ್ಸ್ ಇಲ್ವಂತೆ ನಿಜಾನಾ ಅಂತ. ಸೆಕೆ ವಿಷಯ ಬಂದ್ರೆ "ಎಲ್ಲಾ ಕಡೆ ಎಸಿ ಇರತ್ತೆ ಬಿಡಿ" ಅಂತ ಒಂದೇ ಮಾತಲ್ಲಿ ಮುಗಿಸ್ಬಿಡ್ತಾರೆ. ಎಸಿ ಇರತ್ತೆ, ನಿಜ. ಆದ್ರೆ ಆ ಎಸಿ ಬಿಲ್ ಯಾರು ಕಟ್ಟೋದು, ಮನೆಯಿಂದ ಮೆಟ್ರೋಗೆ ಎಷ್ಟು ನಡೀಬೇಕು, ಮಕ್ಕಳು ಸಂಜೆ ಎಲ್ಲಿ ಆಡ್ತಾರೆ, ಬಟ್ಟೆ ಎಲ್ಲಿ ಒಣಗತ್ತೆ, ದೋಸೆ ಹಿಟ್ಟು ಯಾವಾಗ ರುಬ್ಬೋದು, ಇವೆಲ್ಲಾನೂ ಕೊನೆಗೆ ಸೆಕೆಗೇ ಬಂದು ನಿಲ್ಲತ್ತೆ. ಡಿಸೆಂಬರಲ್ಲಿ ಬಂದವರಿಗೆ ಇದು ಗೊತ್ತೇ ಆಗಲ್ಲ, ಆಗ ರಾತ್ರಿ 15 ಡಿಗ್ರಿ ಹತ್ರ ಇಳಿದು ಸ್ವೆಟರ್ ಹಾಕ್ಕೊಂಡು ಬೀಚ್‌ನಲ್ಲಿ ಓಡಾಡೋ ಹಾಗಿರತ್ತೆ, ಎಷ್ಟು ಚೆನ್ನಾಗಿದೆ ಅಂತ ಅದೇ ಖುಷೀಲಿ ಒಂದು ವರ್ಷದ ಬಾಡಿಗೆ ಅಗ್ರಿಮೆಂಟಿಗೆ ಸೈನ್ ಹಾಕ್ತಾರೆ, ಜೂನ್ ಬಂದ್ಮೇಲೆ ಮನೆ ಪಶ್ಚಿಮಕ್ಕಿದೆ ಅಂತ ಗೊತ್ತಾಗತ್ತೆ. ಅದಕ್ಕೇ ನಾನು ಹೊಸಬರಿಗೆ ಹೇಳೋದು ಒಂದೇ, ಇಲ್ಲಿ ಏನೇ ನಿರ್ಧಾರ ಮಾಡಿ, ಆಗಸ್ಟ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇದು ನಡೆಯತ್ತಾ ಅಂತ ಒಂದ್ಸಲ ಕೇಳ್ಕೊಂಡು ಮಾಡಿ.

ಇಲ್ಲಿನ ಸೆಕೆ ಯಾವ ಥರದ್ದು

ನಮ್ಮ ಕಲಬುರಗಿ, ರಾಯಚೂರು ಕಡೆಯವರಿಗೆ 42 ಡಿಗ್ರಿ ಹೊಸದಲ್ಲ, ಆದ್ರೆ ಅಲ್ಲಿನದು ಒಣ ಬಿಸಿಲು, ನೆರಳಿಗೆ ಬಂದ್ರೆ ಜೀವ ಬರತ್ತೆ. ಮಂಗಳೂರು, ಉಡುಪಿ, ಭಟ್ಕಳದವರಿಗೆ ಬೆವರು ಹೊಸದಲ್ಲ, ಆದ್ರೆ ಅಲ್ಲಿ ಉಷ್ಣಾಂಶ ಇಷ್ಟು ಮೇಲೆ ಹೋಗಲ್ಲ. ದುಬೈಯಲ್ಲಿ ಎರಡೂ ಒಟ್ಟಿಗೇ ಬರತ್ತೆ. ಮೇ, ಜೂನಲ್ಲಿ ಮರಳುಗಾಡಿನ ಒಣ ಗಾಳಿ, ಮುಖಕ್ಕೆ ಒಲೆ ಉರಿ ಹೊಡೆದ ಹಾಗೆ. ಜುಲೈ ದಾಟಿ ಆಗಸ್ಟ್, ಸೆಪ್ಟೆಂಬರಿಗೆ ಬಂದ್ರೆ ಸಮುದ್ರದ ತೇವ ಸೇರ್ಕೊಳ್ಳತ್ತೆ, ಕನ್ನಡಕ ಹಾಕೋರು ಎಸಿ ಕಾರಿಂದ ಇಳಿದ ತಕ್ಷಣ ಗಾಜು ಮಂಜಾಗಿ ಎರಡು ನಿಮಿಷ ಏನೂ ಕಾಣಲ್ಲ. ರಾತ್ರಿ ಹತ್ತಕ್ಕೂ ಹೊರಗೆ ತಂಪಿರಲ್ಲ, ಊರಲ್ಲಿ ಸಂಜೆ ಆದ್ರೆ ಗಾಳಿ ಬೀಸತ್ತಲ್ಲ ಆ ಲೆಕ್ಕ ಇಲ್ಲಿ ನಡೆಯಲ್ಲ. ಬೀಚಿಗೆ ಹೋದ್ರೂ ನೀರು ಬೆಚ್ಚಗಿರತ್ತೆ.

ಆಗಸ್ಟ್ ಕೊನೆ ವಾರ ಬೆಳಗಿನ ಜಾವ ಆಕಾಶದಲ್ಲಿ ಸುಹೈಲ್ ಕಾಣಿಸ್ತು ಅಂದ್ರೆ ಇನ್ನು ಬಿಸಿಲು ಇಳಿಯೋಕೆ ಶುರು ಅಂತ ಇಲ್ಲಿನ ಹಳೇ ಅರಬ್ಬರ ಲೆಕ್ಕ. ನಮ್ಮವರು ಅಗಸ್ತ್ಯ ಅಂತ ಕರೆಯೋ ನಕ್ಷತ್ರಾನೇ ಅದು. ಇಳಿಯೋದು ನಿಧಾನ ಮಾತ್ರ, ಅಕ್ಟೋಬರ್ ಅರ್ಧ ಕಳೆದ್ಮೇಲೇ ಸಂಜೆ ವಾಕಿಂಗ್ ಮಾಡೋ ಹಾಗಾಗೋದು.

ಆಯ್ಕೆ ನಿಮ್ಮ ಕೈಯಲ್ಲಿದ್ರೆ ಅಕ್ಟೋಬರ್ ನವೆಂಬರಲ್ಲಿ ಬನ್ನಿ, ದೇಹಕ್ಕೆ ಹೊಂದ್ಕೊಳ್ಳೋಕೆ ಆರು ತಿಂಗಳು ಸಿಗತ್ತೆ. ಮನೆಯವರನ್ನ, ಅದ್ರಲ್ಲೂ ಚಿಕ್ಕ ಮಗುವನ್ನ, ವಯಸ್ಸಾದ ಅಪ್ಪ ಅಮ್ಮನ್ನ ಜುಲೈನಲ್ಲಿ ಮೊದಲ ಸಲ ಕರ್ಕೊಂಡು ಬರಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅವರು ಒಂದು ತಿಂಗಳು ನಾಲ್ಕು ಗೋಡೆ ಮಧ್ಯೆ ಕೂತು ಈ ಊರೇ ಬೇಡ ಅಂತ ವಾಪಸ್ ಹೋಗ್ತಾರೆ.

ಊರು ಬಿಡೋಕೆ ಮುಂಚೆ

ಪೇಪರ್ ಕೆಲಸ ಇಲ್ಲಿಗೆ ಬಂದ್ಮೇಲೆ ಮಾಡೋಕೆ ಹೋದ್ರೆ ದುಡ್ಡೂ ಹೋಗತ್ತೆ ಟೈಮೂ ಹೋಗತ್ತೆ. ಡಿಗ್ರಿ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್, ಮಕ್ಕಳ ಬರ್ತ್ ಸರ್ಟಿಫಿಕೇಟ್ ಮೂರಕ್ಕೂ ಅಟೆಸ್ಟೇಷನ್ ಆಗಿರಲಿ, ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ದೆಹಲಿಯ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ಎಂಬೆಸಿ, ಕೊನೆಗೆ ಇಲ್ಲಿ ಬಂದು ಇಲ್ಲಿನ ವಿದೇಶಾಂಗ ಇಲಾಖೆ ಸೀಲು. ಡಿಗ್ರಿ ಒಂದನ್ನ ಕಂಪನಿಯವರು ಕೇಳ್ತಾರೆ ಅಂತ ಮಾಡಿಸ್ಕೊಂಡು ಬರ್ತಾರೆ, ಮದುವೆ ಸರ್ಟಿಫಿಕೇಟ್ ಮರೀತಾರೆ, ಆಮೇಲೆ ಹೆಂಡತಿ ವೀಸಾ ಹಾಕೋವಾಗ ಅದು ಬೇಕೇ ಬೇಕು. ಇಲ್ಲಿ ಫ್ಯಾಮಿಲಿ ಸ್ಪಾನ್ಸರ್ ಮಾಡೋಕೆ ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ, ಇಲ್ಲಾಂದ್ರೆ 3,000 ಜೊತೆಗೆ ಕಂಪನಿ ಮನೆ ಇರಬೇಕು. ಪಾಸ್‌ಪೋರ್ಟಲ್ಲಿ ಇಸಿಆರ್ (ಕೆಲಸಕ್ಕೆ ವಿದೇಶಕ್ಕೆ ಹೋಗೋಕೆ ಸರ್ಕಾರದ ಅನುಮತಿ ಬೇಕು ಅನ್ನೋ ಗುರುತು) ಅಂತ ಇದ್ರೆ ಇಮೈಗ್ರೇಟ್ ಕ್ಲಿಯರೆನ್ಸ್ ಇಲ್ದೆ ಕೆಲಸದ ವೀಸಾ ಮೇಲೆ ಏರ್‌ಪೋರ್ಟ್ ದಾಟೋಕೆ ಬಿಡಲ್ಲ, ಏಜೆಂಟ್ ಯಾರಾದ್ರೂ "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲೇ ಮಾಡಿಸೋಣ" ಅಂದ್ರೆ ದಯವಿಟ್ಟು ಒಪ್ಕೋಬೇಡಿ, ಆ ದಾರೀಲಿ ಬಂದು ಸಂಬಳ ಇಲ್ದೆ ಸಿಕ್ಕಾಕ್ಕೊಂಡವರನ್ನ ನೋಡಿ ಹೊಟ್ಟೆ ಉರಿಯತ್ತೆ.

ಬ್ಯಾಂಕ್ ವಿಷಯ ಚಿಕ್ಕದಾಗಿ. ಊರಿನ ಸೇವಿಂಗ್ಸ್ ಅಕೌಂಟನ್ನ ಅನಿವಾಸಿ ಭಾರತೀಯರ ಅಕೌಂಟಾದ ಎನ್‌ಆರ್‌ಒ ಮಾಡಿಸಿ, ಇಲ್ಲಿಂದ ದುಡ್ಡು ಕಳಿಸೋಕೆ ಎನ್‌ಆರ್‌ಇ ತೆಗೀರಿ, ಎನ್‌ಆರ್‌ಇ ಬಡ್ಡಿಗೆ ಊರಲ್ಲಿ ಟ್ಯಾಕ್ಸ್ ಇಲ್ಲ. ಊರಿನ ಸಿಮ್ ಬಿಡಬೇಡಿ, ರೋಮಿಂಗ್ ಆನ್ ಮಾಡಿಸಿ ಸಣ್ಣ ರೀಚಾರ್ಜಲ್ಲಿ ಜೀವಂತ ಇಟ್ಕೊಳ್ಳಿ, ಆಧಾರ್ ಓಟಿಪಿ, ಬ್ಯಾಂಕ್ ಓಟಿಪಿ ಎಲ್ಲಾ ಅದಕ್ಕೇ ಬರೋದು. ಸೈಟು, ಜಮೀನು, ಬಾಡಿಗೆ ಮನೆ ಏನಾದ್ರೂ ನೋಡ್ಕೊಳ್ಳೋಕೆ ಅಣ್ಣನಿಗೋ ಅಪ್ಪನಿಗೋ ಪವರ್ ಆಫ್ ಅಟಾರ್ನಿ ಕೊಡೋದಿದ್ರೆ ಅಲ್ಲೇ ಮಾಡಿಸಿ ಬನ್ನಿ, ಇಲ್ಲಿಂದ ಆದ್ರೆ ಕಾನ್ಸುಲೇಟ್ ಸೀಲು, ಕೊರಿಯರ್ ಅಂತ ಸುತ್ತಾಟ.

ಸೂಟ್‌ಕೇಸಿಗೆ ಏನು ಹಾಕಬಾರದು

ಇದನ್ನ ಅಮ್ಮಂದಿರಿಗೆ ಓದಿ ಹೇಳಿ. ಗಸಗಸೆ ಇಲ್ಲಿ ನಿಷೇಧ. ನಮಗೆ ಅದು ಪಾಯಸದ ಸಾಮಾನು, ಇಲ್ಲಿನ ಕಾನೂನಿಗೆ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರತ್ತೆ, ಒಂದು ಚಿಟಿಕೆ ಇದ್ರೂ ಕೇಸ್ ಆಗಬಹುದು. ಗಸಗಸೆ ಹಾಕಿದ ಮಸಾಲೆ ಪುಡಿ, ಸಾಗು ಪುಡಿ, ಕುರ್ಮಾ ಪೌಡರ್ ಯಾವುದೂ ಬೇಡ, ಮನೇಲಿ ಪುಡಿ ಮಾಡಿ ಕೊಡೋದಿದ್ರೆ ಗಸಗಸೆ ಬಿಟ್ಟು ಮಾಡೋಕೆ ಹೇಳಿ. ವೀಳ್ಯದೆಲೆ, ಪಾನ್, ಗುಟ್ಕಾ ಕೂಡ ತರೋ ಹಾಗಿಲ್ಲ. ಸ್ನೇಹಿತರ ಮನೆಯವರು ಕೊಟ್ಟ ಪಾರ್ಸೆಲ್ ಅಂತ ಬಿಚ್ಚಿ ನೋಡ್ದೆ ತಗೊಂಡು ಬರಬೇಡಿ, ಮುಜುಗರ ಆದ್ರೂ ಪರವಾಗಿಲ್ಲ, ಬಿಚ್ಚಿಸಿ ನೋಡಿ.

ಮಾತ್ರೆ ತಗೊಳ್ಳೋರು ಇನ್ನೂ ಹುಷಾರು. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗೆ ಡಾಕ್ಟರ್ ಚೀಟಿ ಇದ್ರೆ ಸಾಕು, ಆದ್ರೆ ಕೋಡೀನ್ ಇರೋ ಕೆಮ್ಮಿನ ಸಿರಪ್, ಟ್ರಮಡಾಲ್ ಥರದ ನೋವಿನ ಮಾತ್ರೆ, ಆಲ್ಪ್ರಜೋಲಂ ಥರದ ನಿದ್ದೆ ಮಾತ್ರೆ, ಇವಕ್ಕೆ ಇಲ್ಲಿನ ಸರ್ಕಾರದಿಂದ ಆನ್‌ಲೈನಲ್ಲಿ ಮೊದಲೇ ಪರ್ಮಿಷನ್ ತಗೋಬೇಕು. ಎಲ್ಲಾ ಮಾತ್ರೇನೂ ಅದರ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರ್ಕೊಂಡು ಬರಬೇಡಿ.

ಉಳಿದಿದ್ದು ಏನೂ ಹೊತ್ಕೊಂಡು ಬರೋ ಅಗತ್ಯ ಇಲ್ಲ. ಸೋನಾ ಮಸೂರಿ, ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಕುಚ್ಚಲಕ್ಕಿ, ಹುಣಸೆಹಣ್ಣು, ಎಲ್ಲಾ ಕರಾಮಾ, ಬರ್ದುಬೈ ಏರಿಯಾದ ಅಂಗಡಿಗಳಲ್ಲಿ, ಲುಲುನಲ್ಲಿ ಸಿಗತ್ತೆ. ಮಿಕ್ಸಿ, ಗ್ರೈಂಡರ್ ತರ್ತೀರಾದ್ರೆ ಕರೆಂಟ್ ಅದೇ 230 ವೋಲ್ಟ್, ತೊಂದ್ರೆ ಇಲ್ಲ, ಆದ್ರೆ ಇಲ್ಲಿನ ಸಾಕೆಟ್ ಚೌಕ ಪಿನ್ನಿನ ಬ್ರಿಟಿಷ್ ಥರದ್ದು, ನಮ್ಮ ದುಂಡು ಪಿನ್ ಕೂರಲ್ಲ. ಜಾಸ್ತಿ ಕರೆಂಟ್ ಎಳೆಯೋ ಸಾಮಾನಿಗೆ ಅಗ್ಗದ ಅಡಾಪ್ಟರ್ ಹಾಕಬೇಡಿ, ಪ್ಲಗ್ಗನ್ನೇ ಬದಲಾಯಿಸಿಬಿಡಿ. ಕಾಟನ್ ಬಟ್ಟೆ ಜಾಸ್ತಿ ತನ್ನಿ, ಜೊತೆಗೆ ಒಂದು ತೆಳ್ಳನೆ ಸ್ವೆಟರ್ ಖಂಡಿತ, ಅದು ಚಳಿಗಾಲಕ್ಕಲ್ಲ, ಆಫೀಸಿನ ಎಸಿಗೆ.

ಮನೆ ಹುಡುಕೋದು, ಇದನ್ನ ನಿಧಾನವಾಗಿ ಓದಿ

ಬಂದ ತಕ್ಷಣ ಮನೆ ಸಿಗಲ್ಲ, ಯಾಕಂದ್ರೆ ಮನೆಗೆ ಚೆಕ್ ಬೇಕು, ಚೆಕ್‌ಗೆ ಬ್ಯಾಂಕ್ ಅಕೌಂಟ್ ಬೇಕು, ಅಕೌಂಟಿಗೆ ಎಮಿರೇಟ್ಸ್ ಐಡಿ ಬೇಕು, ಐಡಿಗೆ ಮೆಡಿಕಲ್ ಟೆಸ್ಟು ಬೆರಳಚ್ಚು ಆಗಬೇಕು. ಅಷ್ಟರವರೆಗೆ ಹೋಟೆಲ್ ಅಪಾರ್ಟ್‌ಮೆಂಟೋ ಪರಿಚಯದವರ ಮನೆಯೋ ಅಂತ ಮೊದಲೇ ವ್ಯವಸ್ಥೆ ಇರಲಿ. ಆಫರ್ ಲೆಟರ್ ಮಾತಾಡೋವಾಗಲೇ ಎಷ್ಟು ದಿನ ಇರೋಕೆ ಜಾಗ ಕೊಡ್ತೀರಿ ಅಂತ ಕಂಪನಿಯವರನ್ನ ಕೇಳಿ, ಕೇಳಿದ್ರೆ ಕೊಡ್ತಾರೆ, ಕೇಳದಿದ್ರೆ ಬಹಳ ಕಡೆ ಸುಮ್ಮನಿರ್ತಾರೆ.

ಬಾಡಿಗೆ ಇಲ್ಲಿ ವರ್ಷದ ಲೆಕ್ಕ. ತಿಂಗಳು ತಿಂಗಳು ಕಟ್ಟೋ ಪದ್ಧತಿ ಕಡಿಮೆ, ಮುಂದಿನ ತಾರೀಕು ಹಾಕಿದ ಚೆಕ್‌ಗಳನ್ನ ಮೊದಲೇ ಕೊಡಬೇಕು, ಚೆಕ್ ಸಂಖ್ಯೆ ಕಮ್ಮಿ ಇದ್ದಷ್ಟೂ ಬಾಡಿಗೆ ಚೌಕಾಸಿ ಮಾಡಬಹುದು. ಲೆಕ್ಕಕ್ಕೆ ವರ್ಷಕ್ಕೆ 60,000 ದಿರ್ಹಂ ಮನೆ ಅಂತ ಇಟ್ಕೊಳ್ಳಿ, ನಾಲ್ಕು ಚೆಕ್ ಅಂದ್ರೆ ಮೊದಲನೇದು 15,000, ಡೆಪಾಸಿಟ್ 5 ಪರ್ಸೆಂಟ್ 3,000, ಏಜೆಂಟ್ ಕಮಿಷನ್ ಇನ್ನೊಂದು 3,000, ಕರೆಂಟು ನೀರು ಕೊಡೋ ಸರ್ಕಾರಿ ಸಂಸ್ಥೆ ದೇವಾ (DEWA) ಡೆಪಾಸಿಟ್ ಅಪಾರ್ಟ್‌ಮೆಂಟಿಗೆ 2,000, ಇಜಾರಿ, ಅಂದ್ರೆ ಬಾಡಿಗೆ ಅಗ್ರಿಮೆಂಟಿನ ಸರ್ಕಾರಿ ನೋಂದಣಿ, ಅದರ ಖರ್ಚು ಬೇರೆ. ಬೀಗದ ಕೈ ಸಿಗೋ ಮುಂಚೆ 23,000 ದಾಟಿರತ್ತೆ, ಒಂದು ಹಾಸಿಗೆ ಸಹ ತಂದಿರಲ್ಲ. ಇದರ ಮೇಲೆ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಅಂತ ಪ್ರತಿ ತಿಂಗಳು ದೇವಾ ಬಿಲ್ಲಿಗೆ ಸೇರಿ ಬರತ್ತೆ, ನಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ 250. ಈ ದುಡ್ಡನ್ನ ಊರಿಂದಲೇ ಹೊಂದಿಸ್ಕೊಂಡು ಬಂದ್ರೆ ಮೊದಲ ತಿಂಗಳೇ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಬೀಳೋದು ತಪ್ಪತ್ತೆ.

ಈಗ ಮುಖ್ಯವಾದ್ದು. ಮನೆ ನೋಡೋಕೆ ಹೋದಾಗ ಕಿಚನ್, ಬಾಲ್ಕನಿ ನೋಡೋ ಮುಂಚೆ ಕೇಳಬೇಕಾದ ಪ್ರಶ್ನೆ, ಈ ಬಿಲ್ಡಿಂಗಿನ ಎಸಿ ಯಾವ ಥರ, ಬಿಲ್ ಯಾರದ್ದು ಅಂತ. ಮೂರು ಥರ ಇದೆ. ಚಿಲ್ಲರ್ ಫ್ರೀ ಅಂದ್ರೆ ತಂಪಿನ ಖರ್ಚು ಓನರ್ ಕಡೆ, ಬಾಡಿಗೆ ಸ್ವಲ್ಪ ಜಾಸ್ತಿ ಇರತ್ತೆ ಆದ್ರೆ ಆಗಸ್ಟಲ್ಲಿ ನಿದ್ದೆ ಚೆನ್ನಾಗಿ ಬರತ್ತೆ. ಎರಡನೇದು ಎಸಿ ನಿಮ್ಮ ದೇವಾ ಮೀಟರಲ್ಲೇ ಓಡೋದು, ಯೂನಿಟ್‌ಗೆ ಮೊದಲ 2,000 ಯೂನಿಟ್‌ವರೆಗೆ 23 ಫಿಲ್ಸ್ (100 ಫಿಲ್ಸ್ ಅಂದ್ರೆ ಒಂದು ದಿರ್ಹಂ), ಅದರ ಮೇಲೆ ಫ್ಯೂಯಲ್ ಸರ್‌ಚಾರ್ಜ್, ವ್ಯಾಟ್, ಇಲ್ಲಿ ಎಷ್ಟು ಬಳಸ್ತೀರೋ ಅಷ್ಟೇ. ಮೂರನೇದು ಎಂಪವರ್, ಎಮಿಕೂಲ್ ಥರದ ಕಂಪನಿಯಿಂದ ಇಡೀ ಏರಿಯಾಗೆ ಬರೋ ತಣ್ಣೀರಿನ ವ್ಯವಸ್ಥೆ, ಅದಕ್ಕೆ ಬೇರೆ ಅಕೌಂಟ್, ಬೇರೆ ಡೆಪಾಸಿಟ್, ಬೇರೆ ಬಿಲ್, ಕೆಲವು ಕಡೆ ನೀವು ಎಸಿ ಹಾಕದೇ ಇದ್ರೂ ತಿಂಗಳಿಗೆ ಇಷ್ಟು ಅಂತ ಫಿಕ್ಸೆಡ್ ಚಾರ್ಜ್ ಬಂದೇ ಬರತ್ತೆ, ಜನವರಿಯಲ್ಲೂ. ಏಜೆಂಟ್ ಹೇಳಿದ್ದನ್ನ ನಂಬೋದಕ್ಕಿಂತ ಆ ಬಿಲ್ಡಿಂಗಿನ ನಾತೂರ್, ಅಂದ್ರೆ ವಾಚ್‌ಮನ್, ಅವರ ಹತ್ರ ಎರಡು ನಿಮಿಷ ಮಾತಾಡಿ, ಇಲ್ಲಾ ಪಕ್ಕದ ಮನೆಯವರನ್ನ ಹೋದ ಆಗಸ್ಟಿನ ಬಿಲ್ ಎಷ್ಟು ಬಂದಿತ್ತು ಅಂತ ನೇರವಾಗಿ ಕೇಳಿ. ಬಹಳಷ್ಟು ಜನ ಬೇಜಾರಿಲ್ದೆ ಹೇಳ್ತಾರೆ.

ಆಮೇಲೆ ದಿಕ್ಕು. ಊರಲ್ಲಿ ನಾವು ವಾಸ್ತು ನೋಡ್ತೀವಿ, ಇಲ್ಲಿ ಬಿಸಿಲು ನೋಡಿ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇರೋ ಹಾಲ್ ಫೋಟೋದಲ್ಲಿ ಚೆಂದ ಕಾಣತ್ತೆ, ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗೋವರೆಗೆ ಆ ರೂಮಲ್ಲಿ ಎಸಿ ಎಷ್ಟು ಓಡಿದ್ರೂ ತಣ್ಣಗಾಗಲ್ಲ. ಉತ್ತರಕ್ಕೋ ಪೂರ್ವಕ್ಕೋ ಇದ್ರೆ ಒಳ್ಳೇದು. ಕೊನೇ ಮಹಡಿ ಬೇಡ, ತಾರಸಿ ಕಾಯತ್ತೆ. ಮೆಟ್ರೋ ದೂರಾನ ಮ್ಯಾಪ್‌ನಲ್ಲಿ ನೋಡಿ ನಿರ್ಧರಿಸಬೇಡಿ, ಮಧ್ಯಾಹ್ನದ ಹೊತ್ತು ಒಂದ್ಸಲ ನಡೆದು ನೋಡಿ, ನೆರಳಿದೆಯಾ, ರಸ್ತೆ ದಾಟೋಕೆ ಬ್ರಿಡ್ಜ್ ಇದೆಯಾ. ಐದು ನಿಮಿಷಕ್ಕಿಂತ ಜಾಸ್ತಿ ಬಿಸಿಲಲ್ಲಿ ನಡೀಬೇಕು ಅಂದ್ರೆ ಬೇಸಿಗೆಯಲ್ಲಿ ನೀವು ದಿನಾ ಟ್ಯಾಕ್ಸಿ ಹತ್ತೋದು ಖಚಿತ, ಆ ಖರ್ಚನ್ನ ಬಾಡಿಗೆಗೆ ಸೇರಿಸಿ ನೋಡಿ. ಶಾರ್ಜಾದಲ್ಲಿ ಬಾಡಿಗೆ ಕಮ್ಮಿ ಅಂತ ಬಹಳ ಜನ ಅಲ್ಲಿ ಮನೆ ಮಾಡ್ತಾರೆ, ಆದ್ರೆ ಬೆಳಗ್ಗೆ ದುಬೈ ಕಡೆ, ಸಂಜೆ ಶಾರ್ಜಾ ಕಡೆ ಟ್ರಾಫಿಕ್ ಸಿಲ್ಕ್ ಬೋರ್ಡನ್ನ ನೆನಪಿಸತ್ತೆ, ಮೆಟ್ರೋನೂ ಅಲ್ಲಿವರೆಗೆ ಇಲ್ಲ.

ಒಬ್ಬರೇ ಬಂದಿರೋ ಹುಡುಗರು ಹುಡುಗೀರು ಶೇರಿಂಗ್ ನೋಡೋದು ಸಹಜ. ಓನರ್ ಒಪ್ಪಿಗೆ ಇಲ್ದೆ ಒಳಬಾಡಿಗೆ ಕೊಡೋದು ಕಾನೂನಿಗೆ ವಿರುದ್ಧ, ಪ್ಲೈವುಡ್ ಹಾಕಿ ಮಾಡಿದ ಪಾರ್ಟಿಷನ್ ರೂಮಿಗೆ ಬೆಂಕಿ ಬಿದ್ರೆ ಹೊರಗೆ ಬರೋಕೆ ದಾರಿ ಇರಲ್ಲ. ದುಡ್ಡು ಎಷ್ಟೇ ಉಳಿದ್ರೂ ಅಂಥಾ ಜಾಗ ಬೇಡ. ಕಾಂಟ್ರಾಕ್ಟಲ್ಲಿ ನಿಮ್ಮ ಹೆಸರು ಇರೋ ರೂಮ್ ನೋಡಿ.

ಮನೆ ಒಳಗೆ ಬೇಸಿಗೆ

ನೀರಿನ ಟ್ಯಾಂಕ್ ಎಷ್ಟೋ ಬಿಲ್ಡಿಂಗಲ್ಲಿ ತಾರಸಿ ಮೇಲಿರತ್ತೆ, ಜೂನ್ ಆದ್ಮೇಲೆ ತಣ್ಣೀರಿನ ನಲ್ಲೀಲೇ ಸುಡೋ ನೀರು ಬರತ್ತೆ, ಮಧ್ಯಾಹ್ನ ಮಕ್ಕಳಿಗೆ ಸ್ನಾನ ಮಾಡಿಸೋ ಮುಂಚೆ ಕೈ ಇಟ್ಟು ನೋಡಲೇಬೇಕು. ಇಲ್ಲಿ ಎಲ್ಲರೂ ಮಾಡೋ ಉಪಾಯ ಇದು, ಗೀಸರ್ ಸ್ವಿಚ್ ಆಫ್ ಮಾಡಿ ಬಿಟ್ಬಿಡೋದು, ಗೀಸರ್ ಒಳಗಿನ ನೀರು ಮನೆ ಒಳಗೆ ಎಸಿ ತಂಪಲ್ಲಿ ನಿಂತು ತಣ್ಣಗಾಗಿರತ್ತೆ, ಆಗ ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ತಣ್ಣೀರು, ತಣ್ಣೀರಿನ ನಲ್ಲಿ ತಿರುಗಿಸಿದ್ರೆ ಬಿಸಿನೀರು.

ಎಸಿನ 24ಕ್ಕೆ ಇಟ್ಟು ಅಲ್ಲೇ ಬಿಡಿ. 18ಕ್ಕೆ ಇಟ್ರೆ ಬೇಗ ತಣ್ಣಗಾಗಲ್ಲ, ಜಾಸ್ತಿ ಹೊತ್ತು ಓಡತ್ತೆ ಅಷ್ಟೇ. ಫಿಲ್ಟರ್‌ನ ನೀವೇ ತೆಗೆದು ತೊಳೀರಿ, ಇಲ್ಲಿ ಧೂಳು ವಿಪರೀತ, ತಿಂಗಳು ತೊಳೀದೆ ಬಿಟ್ರೆ ಗಾಳಿ ಬರಲ್ಲ, ಮಕ್ಕಳಿಗೆ ನೆಗಡಿ ಕೆಮ್ಮು ಬೇರೆ. ಬಟ್ಟೆ ಒಣಗಿಸೋಕೆ ಬಾಲ್ಕನಿ ಕಂಬಿ ಮೇಲೆ ಹಾಕಬೇಡಿ, ರಸ್ತೆಗೆ ಕಾಣೋ ಹಾಗೆ ಹಾಕಿದ್ರೆ ಮುನ್ಸಿಪಾಲಿಟಿ ಫೈನ್ ಹಾಕತ್ತೆ, ಮಡಚೋ ಸ್ಟ್ಯಾಂಡ್ ತಗೊಂಡು ಕಂಬಿಗಿಂತ ಕೆಳಗೆ ಇಡಿ, ಎರಡು ಗಂಟೇಲಿ ಗರಿಗರಿ ಒಣಗತ್ತೆ. ಕುಡಿಯೋಕೆ ಬಹಳ ಜನ ಐದು ಗ್ಯಾಲನ್ ಬಾಟಲ್ ತರಿಸ್ತಾರೆ, ಆ ಬಾಟಲನ್ನ ಬಾಲ್ಕನಿ ಬಿಸಿಲಲ್ಲಿ ಇಡಬೇಡಿ.

ದೋಸೆ ಹಿಟ್ಟಿನ ವಿಷಯಕ್ಕೆ ಬರೋಣ, ಇದನ್ನ ಕೇಳೋರು ಬಹಳ ಜನ. ಎಸಿ ಇರೋ ಮನೇಲಿ ಹಿಟ್ಟು ಹುದುಗಲ್ಲ, ಅದೇ ಕಿಚನ್ ಬಾಗಿಲು ಮುಚ್ಚಿ ಎಸಿ ಇಲ್ದಿರೋ ಕಡೆ ಇಟ್ರೆ ಜುಲೈನಲ್ಲಿ ನಾಲ್ಕೈದು ಗಂಟೇಲೇ ಉಕ್ಕಿ ಹುಳಿ ಆಗಿಬಿಡತ್ತೆ. ರಾತ್ರಿ ರುಬ್ಬೋದು ಬಿಟ್ಟು ಬೆಳಗ್ಗೆ ರುಬ್ಬಿ, ಮಧ್ಯಾಹ್ನ ನೋಡಿ ಫ್ರಿಜ್ಜಿಗೆ ಇಡಿ. ಇಲ್ಲಿನ ಲಬನ್ ನಮ್ಮ ಮಜ್ಜಿಗೆಗೆ ಬಹಳ ಹತ್ರ, ಉಪ್ಪು, ಶುಂಠಿ, ಕರಿಬೇವು ಸೇರಿಸಿದ್ರೆ ಬೇಸಿಗೆ ದಾಟೋಕೆ ಅದೇ ಆಧಾರ. ಮೀನು ತಿನ್ನೋರಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಇದೆ, ಅಂಜಲ್, ಬಂಗುಡೆ, ಭೂತಾಯಿ ಎಲ್ಲಾ ಸಿಗತ್ತೆ, ಅಲ್ಲೇ ಕ್ಲೀನ್ ಮಾಡಿ ಕೊಡ್ತಾರೆ, ಬೇಸಿಗೆಯಲ್ಲಿ ಐಸ್ ಡಬ್ಬ ಜೊತೇಲಿ ತಗೊಂಡು ಹೋಗಿ.

ಹೊರಗೆ ಓಡಾಡೋದು, ದೇಹ ನೋಡ್ಕೊಳ್ಳೋದು

ಬಂದ ಮೊದಲ ದಿನವೇ ನೋಲ್ ಕಾರ್ಡ್ ತಗೊಳ್ಳಿ, ಸಿಲ್ವರ್ ಕಾರ್ಡ್ 25 ದಿರ್ಹಂ, ಅದ್ರಲ್ಲಿ 19 ಬ್ಯಾಲೆನ್ಸ್ ಇರತ್ತೆ, ಮೆಟ್ರೋ ಬಸ್ಸು ಎರಡಕ್ಕೂ ಅದೇ. ಮೆಟ್ರೋ ಒಳಗೆ ತಿನ್ನೋದು ಕುಡಿಯೋದು ಮಾಡಿದ್ರೆ 100 ದಿರ್ಹಂ ಫೈನ್, ಬಾಯಲ್ಲಿ ಚೂಯಿಂಗ್ ಗಮ್ ಸಹ ಬೇಡ. ಬಿಸಿಲಿಗೆ ಹೆದರಿ ಎಲ್ಲೆಂದ್ರಲ್ಲಿ ರಸ್ತೆ ದಾಟೋದು ಇನ್ನೂ ಅಪಾಯ, ಇಲ್ಲಿ ಗಾಡಿಗಳ ವೇಗ ನಮ್ಮೂರಿನದ್ದಲ್ಲ, ಸಿಕ್ಕಿದ್ರೆ 400 ದಿರ್ಹಂ ಫೈನ್ ಬೇರೆ. ಕಾರು ಬಲಗಡೆ ಓಡಿಸಬೇಕು, ನಮ್ಮ ಲೈಸೆನ್ಸ್ ನೇರವಾಗಿ ಬದಲಾಯಿಸ್ಕೊಡಲ್ಲ, ಡ್ರೈವಿಂಗ್ ಸ್ಕೂಲು ಟೆಸ್ಟು ಆಗಲೇಬೇಕು. ಆ ಕ್ಲಾಸುಗಳನ್ನೂ ಚಳಿಗಾಲದಲ್ಲೇ ಮುಗಿಸಿ.

ಕಾರು ಇರೋರಿಗೆ ಎರಡು ಮಾತು. ನಿಲ್ಲಿಸಿದ ಕಾರೊಳಗೆ ಮಗುವನ್ನ "ಎರಡೇ ನಿಮಿಷ" ಅಂತ ಕೂಡ ಬಿಡಬೇಡಿ, ಒಳಗೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಕುತ್ತು ಬರೋ ಅಷ್ಟು ಕಾಯತ್ತೆ, ಕಾನೂನಿನ ಪ್ರಕಾರ ಅಪರಾಧ ಕೂಡ. ಸೆಂಟ್ ಬಾಟಲ್, ಲೈಟರ್, ಪವರ್ ಬ್ಯಾಂಕ್, ಸ್ಯಾನಿಟೈಸರ್ ಯಾವುದೂ ಡ್ಯಾಶ್‌ಬೋರ್ಡಲ್ಲಿ ಇರಬಾರದು. ಹಳೇ ಕಾರು ಕೊಳ್ಳೋವಾಗ ಟೈರ್ ಮೇಲಿನ ತಯಾರಾದ ವಾರ ವರ್ಷ ನೋಡಿ, ಐದು ವರ್ಷ ದಾಟಿದ ಟೈರ್ ಇಲ್ಲಿ ಪಾಸ್ ಆಗಲ್ಲ, ಕಾದ ರಸ್ತೆ ಮೇಲೆ ಒಡೆಯೋದೂ ಅವೇ.

ವಾಕಿಂಗ್ ಮಾಡೋರು ಬೆಳಗ್ಗೆ ಸೂರ್ಯ ಹುಟ್ಟೋ ಮುಂಚೆ ಮುಗಿಸಿ, ಇಲ್ಲಾ ಮಾಲ್‌ನಲ್ಲಿ ನಡೀರಿ, ಬೆಳಗ್ಗೆ ಹೊತ್ತು ಮಾಲ್ ತುಂಬಾ ವಾಕಿಂಗ್ ಮಾಡೋರೇ ಇರ್ತಾರೆ, ಯಾರೂ ಏನೂ ಅನ್ನಲ್ಲ. ಬಾಯಾರಿಕೆ ಆದ್ಮೇಲೆ ನೀರು ಕುಡಿಯೋ ಅಭ್ಯಾಸ ಬಿಡಿ, ಎಸಿಯಲ್ಲಿ ಕೂತವರಿಗೆ ಬಾಯಾರಿಕೆ ಗೊತ್ತೇ ಆಗಲ್ಲ, ಮೂತ್ರ ಗಾಢ ಹಳದಿ ಆಗಿದ್ರೆ ನೀರು ಸಾಲ್ತಿಲ್ಲ ಅಂತ ಅರ್ಥ. ಇಷ್ಟು ಬಿಸಿಲಿದ್ರೂ ವಿಟಮಿನ್ ಡಿ ಕೊರತೆ ಇಲ್ಲಿ ಬಹಳ ಸಾಮಾನ್ಯ, ಯಾರೂ ಬಿಸಿಲಿಗೇ ಹೋಗಲ್ವಲ್ಲ, ವರ್ಷಕ್ಕೊಂದ್ಸಲ ರಕ್ತ ಟೆಸ್ಟ್ ಮಾಡಿಸಿ.

ಸೈಟಲ್ಲಿ ಕೆಲಸ ಮಾಡೋ ನಮ್ಮವರು ಸಾವಿರಾರು ಜನ ಇದ್ದಾರೆ, ಅವರಿಗೆ ಈ ಮಾತು ತಲುಪಿಸಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಹೊರಗೆ ಕೆಲಸ ಮಾಡಿಸೋ ಹಾಗಿಲ್ಲ, ಮಾಡಿಸಿದ್ರೆ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಂ ದಂಡ, ಒಟ್ಟು 50,000ದವರೆಗೆ ಹೋಗತ್ತೆ. ದೂರು ಕೊಡೋಕೆ ಕಾರ್ಮಿಕ ಇಲಾಖೆ ಕಾಲ್ ಸೆಂಟರ್ 600590000, ಹಿಂದಿ ಗೊತ್ತಿದ್ರೂ ಸಾಕು. ಪಾಸ್‌ಪೋರ್ಟನ್ನ ಕಂಪನಿ ಇಟ್ಕೊಳ್ಳೋದು ಕೂಡ ಕಾನೂನು ಬಾಹಿರ. ಇನ್ನೊಂದು ನಂಬರ್ ಬರ್ಕೊಳ್ಳಿ, ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ 800 46342, ಫ್ರೀ ಕಾಲ್.

ತಲೆಸುತ್ತು, ಮಾಂಸಖಂಡ ಹಿಡ್ಕೊಳ್ಳೋದು, ವಿಪರೀತ ಬೆವರು ಬಂದ್ರೆ ತಣ್ಣಗಿರೋ ಕಡೆ ಕೂರಿಸಿ ಓಆರ್‌ಎಸ್ ಕೊಡಿ. ಆದ್ರೆ ಮಾತು ತೊದಲ್ತಿದ್ರೆ, ಎಲ್ಲಿದ್ದೀನಿ ಅಂತ ಗೊತ್ತಾಗದೇ ಇದ್ರೆ, ಮೈ ಕೆಂಡದ ಹಾಗೆ ಸುಡ್ತಿದ್ರೆ ಅದು ಹೀಟ್ ಸ್ಟ್ರೋಕ್, ತಕ್ಷಣ 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ, ಬರೋವರೆಗೆ ಮೈ ಮೇಲೆ ನೀರು ಸುರೀರಿ, ಕುತ್ತಿಗೆ ಕಂಕುಳು ತೊಡೆಸಂದಿಗೆ ಐಸ್ ಇಡಿ, ಪ್ರಜ್ಞೆ ಇಲ್ದಿರೋರಿಗೆ ಬಾಯಿಗೆ ನೀರು ಹಾಕಬೇಡಿ.

ಮಕ್ಕಳು, ಹಬ್ಬ, ಮನೆ ನೆನಪು

ಇಲ್ಲಿನ ಸಿಬಿಎಸ್‌ಇ ಸ್ಕೂಲು ಏಪ್ರಿಲಲ್ಲೇ ಶುರು, ಬೇಸಿಗೆ ರಜ ಜುಲೈ ಆಗಸ್ಟು. ಸೀಟು ಸಿಗೋದು ಕಷ್ಟ, ಹಿಂದಿನ ವರ್ಷದ ಕೊನೇಲೇ ಅರ್ಜಿ ಹಾಕಿ, ಟಿಸಿ ಮೇಲೆ ಯಾವ್ಯಾವ ಸೀಲು ಬೇಕು ಅಂತ ಊರು ಬಿಡೋ ಮುಂಚೆ ಸ್ಕೂಲಿನವರಿಗೆ ಮೇಲ್ ಹಾಕಿ ಕೇಳಿ. ಮನೇಲಿ ಕನ್ನಡ ಬಿಡಬೇಡಿ, ಸ್ಕೂಲಲ್ಲಿ ಹಿಂದಿ ಅರೇಬಿಕ್ ಇಂಗ್ಲಿಷ್ ಮಧ್ಯೆ ಅದು ಬೇಗ ಕರಗಿಹೋಗತ್ತೆ. ಕನ್ನಡ ಮಿತ್ರರು ಬಳಗದವರು ನಡೆಸೋ ಕನ್ನಡ ಪಾಠಶಾಲೆ ದುಬೈ ಇದೆ, ಮಕ್ಕಳಿಗೆ ಅಕ್ಷರ ಕಲಿಸ್ತಾರೆ, ದಯವಿಟ್ಟು ಸೇರಿಸಿ, ಅಜ್ಜಿಗೆ ಮಗು ಕನ್ನಡದಲ್ಲಿ ಎರಡು ಸಾಲು ಬರೆದು ಕಳಿಸಿದ್ರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಜೆಬೆಲ್ ಅಲಿಯಲ್ಲಿ ಹಿಂದೂ ದೇವಸ್ಥಾನ 2022ರಲ್ಲಿ ತೆರೀತು, ಪಕ್ಕದಲ್ಲೇ ಗುರುದ್ವಾರ, ಚರ್ಚು ಇದೆ. ರಮ್ಜಾನ್ ತಿಂಗಳಲ್ಲಿ ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಮ್ಮಿ, ಹಗಲು ಉಪವಾಸ ಇರೋರ ಎದುರು ತಿನ್ನೋದು ಕುಡಿಯೋದು ಮಾಡದೇ ಇರೋದು ಮರ್ಯಾದೆ. ಊರಿಗೆ ವಾಟ್ಸಾಪ್ ಕಾಲ್ ಇಲ್ಲಿ ಹೋಗಲ್ಲ, ಮೆಸೇಜ್ ಮಾತ್ರ, ಅದಕ್ಕೆ ಅಪ್ಪ ಅಮ್ಮನ ಫೋನಲ್ಲಿ ಬೋಟಿಮ್ ಅಥವಾ ಗೂಗಲ್ ಮೀಟ್ ಹಾಕಿ, ಹೇಗೆ ಎತ್ತೋದು ಅಂತ ಹೊರಡೋ ಮುಂಚೆ ಕಲಿಸಿ ಬನ್ನಿ. ಇಲ್ಲಿ ಊರಿಗಿಂತ ಒಂದೂವರೆ ಗಂಟೆ ಹಿಂದೆ, ನೀವು ರಾತ್ರಿ ಊಟ ಮುಗಿಸಿ ಫೋನ್ ಮಾಡೋ ಹೊತ್ತಿಗೆ ಅವರು ಮಲಗಿರ್ತಾರೆ, ಹಾಗಾಗಿ ಆಫೀಸಿಂದ ಬಂದ ತಕ್ಷಣ ಮಾತಾಡೋ ಅಭ್ಯಾಸ ಮಾಡ್ಕೊಳ್ಳಿ.

ಬೇಸಿಗೆ ರಜಕ್ಕೆ ಮನೆ ಮುಚ್ಚಿ ಹೋಗೋವಾಗ

ಜುಲೈ ಬಂತು ಅಂದ್ರೆ ಅರ್ಧ ಊರು ಇಂಡಿಯಾಗೆ ಹೊರಡತ್ತೆ, ಮಂಗಳೂರು ಬೆಂಗಳೂರು ಟಿಕೆಟ್ ಎರಡು ಮೂರು ಪಟ್ಟು ಆಗತ್ತೆ, ಫೆಬ್ರವರಿ ಮಾರ್ಚಲ್ಲೇ ಬುಕ್ ಮಾಡಿ. ಹೊರಡೋವಾಗ ಎಸಿ ಪೂರ್ತಿ ಆಫ್ ಮಾಡಿ ಹೋದ್ರೆ ತೇವಕ್ಕೆ ಗೋಡೆ, ಬೀರು, ಚಪ್ಪಲಿ, ರೇಷ್ಮೆ ಸೀರೆ ಎಲ್ಲಾ ಬೂಷ್ಟು ಹಿಡಿಯತ್ತೆ, ಅದಕ್ಕೆ 27, 28ಕ್ಕೆ ಇಟ್ಟು ಹೋಗಿ, ಬೀರು ಬಾಗಿಲು ಸ್ವಲ್ಪ ತೆರೆದಿಡಿ. ನೀರಿನ ಮೇನ್ ವಾಲ್ವ್ ಮುಚ್ಚಿ, ಗ್ಯಾಸ್ ಮುಚ್ಚಿ. ಗಿಡಗಳನ್ನ ಬಾಲ್ಕನಿಯಿಂದ ಒಳಗೆ ತಂದು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಿಸಿಲಲ್ಲಿ ಬಿಟ್ರೆ ತುಳಸಿ ಮೂರು ದಿನ ಬಾಳಲ್ಲ. ಕಾರನ್ನ ಬೇಸ್‌ಮೆಂಟಲ್ಲಿ ನಿಲ್ಲಿಸಿ, ಧೂಳು ಹಿಡಿದು ರಸ್ತೇಲಿ ಬಿದ್ದಿರೋ ಕಾರಿಗೆ 500 ದಿರ್ಹಂ ಫೈನ್ ಇದೆ. ವಾರಕ್ಕೊಂದ್ಸಲ ಯಾರಾದ್ರೂ ಸ್ಟಾರ್ಟ್ ಮಾಡಿ ಹತ್ತು ಹದಿನೈದು ನಿಮಿಷ ಓಡಿಸ್ಲಿ ಅಂತ ಕೀಲಿ ಕೊಟ್ಟು ಹೋಗಿ, ಇಲ್ಲಿನ ಬಿಸಿಲಿಗೆ ಬ್ಯಾಟರಿ ಎರಡು ವರ್ಷ ಬಂದ್ರೇ ಹೆಚ್ಚು, ಎರಡು ವರ್ಷ ಆಗಿದ್ರೆ ಊರಿಂದ ಬಂದ್ಮೇಲೆ ನೋಡೋಣ ಅನ್ನದೆ ಹೊರಡೋ ಮುಂಚೇನೇ ಬದಲಾಯಿಸಿ.